ಜುಲೈ ತಿಂಗಳ ಪರೀಕ್ಷೆ

ಕ್ಲಿಯಾನ್ ಟಿಲ್ಲರಿಯ ಹೆಸರು ಕೇಳದವರು ನಮ್ಮ ಊರಲ್ಲಿ ಇಲ್ಲ. ಸರೋವರದ ಕಡೆಯಿಂದ ಊರೊಳಗೆ ಬರುವ ಹೆದ್ದಾರಿಯಲ್ಲಿ ಅವನ ಚಿತ್ರ ಮೂರು ಅಂತಸ್ತಿನ ಎತ್ತರಕ್ಕೆ ನಿಂತಿತ್ತು. ಚಿತ್ರದ ಎಡಮೂಲೆಯಲ್ಲಿ ಅರ್ಧಕ್ಕೆ ಕತ್ತರಿಸಿದ ಒಂದು ಮೊಣಕೈ ಕಾಣುತ್ತಿತ್ತು. ಆ ಮೊಣಕೈ ನನ್ನದು. ನನ್ನ ಹೆಸರು ಏಮಸ್ ಗಿಡ್ರಿ. ಕೇಳಿಲ್ಲವಲ್ಲ ಎಂದು ನೀವು ಸಂಕೋಚಪಡಬೇಕಾಗಿಲ್ಲ, ನನ್ನ ಸ್ವಂತ ಸೋದರತ್ತೆಯೇ ಒಮ್ಮೆ ನಾನು ಯಾವ ಆಟ ಆಡುತ್ತೇನೆಂದು ವಿಚಾರಿಸಿದ್ದಳು.

ನಮ್ಮ ಫುಟ್‌ಬಾಲಿನಲ್ಲಿ ಕಾಲಿಗಿಂತ ತಲೆಗೇ ಕೆಲಸ ಜಾಸ್ತಿ. ಒಬ್ಬ ಬಾಲನ್ನು ಕಂಕುಳಿಗೆ ಒತ್ತಿಕೊಂಡು ಓಡುತ್ತಾನೆ, ಹನ್ನೊಂದು ಜನ ಅವನನ್ನು ಕೆಡವಲು ಬರುತ್ತಾರೆ. ಆ ಹನ್ನೊಂದರಲ್ಲಿ ಮೊದಲು ಎದುರಾದವನಿಗೆ ನನ್ನ ಹೆಲ್ಮೆಟ್ಟಿನಿಂದ ಗುದ್ದಿ ದಾರಿ ಬಿಡಿಸುವುದು ನನ್ನ ಉದ್ಯೋಗ. ಬಾಲು ಹಿಡಿದವನು ಕ್ಲಿಯಾನ್. ಅವನು ಓಡಿದ ಒಂಬತ್ತು ವರ್ಷವೂ ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡಿದವನು ನಾನು. ಅವನ ಪ್ರಸಿದ್ಧ ಓಟಗಳನ್ನು ನಾನು ಟೀವಿಯಲ್ಲೇ ನೋಡಿದ್ದು, ಆಟದ ಹೊತ್ತಿಗೆ ನಾನು ಯಾರದೋ ಮೈಮೇಲೆ ಬಿದ್ದಿರುತ್ತಿದ್ದೆ.

ಇಷ್ಟು ದೊಡ್ಡ ಮೈ ಇದ್ದರೂ ನಾನು ಹುಟ್ಟಾ ಪುಕ್ಕಲ. ಪ್ರತಿ ಭಾನುವಾರ ಆಟಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದೆ. ಸಂಗಡಿಗರು ಅದನ್ನು ಶುಭಶಕುನವೆಂದು ನಂಬಿದ್ದರು. ಒಂದು ವಾರ ವಾಂತಿ ಬರದಿದ್ದಾಗ ಬೆರಳು ಹಾಕಿಕೋ ಎಂದು ನನ್ನನ್ನೇ ಪೀಡಿಸಿದ್ದರು. ಅಂಥ ಭಯ ನನಗೆ ಹಳೆಯ ಪರಿಚಯ, ಆಟ ಶುರುವಾದರೆ ಹೋಗುವಂಥದ್ದು. ಆ ವರ್ಷ ನವೆಂಬರಿನ ಕೊನೆಯ ವಾರ ನನ್ನೊಳಗೆ ಹೊಕ್ಕ ಭಯ ಮಾತ್ರ ಬೇರೆ ಜಾತಿಯದು. ಅದು ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ಕ್ಲಿಯಾನ್ ಮಿಸಿಸಿಪ್ಪಿಯವನು. ಅಪ್ಪ ಯಾರೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಮೀನು ಕತ್ತರಿಸುವ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ತಾಸು ನಿಂತು ಮೊಣಕಾಲು ಕಳೆದುಕೊಂಡವಳು. ಕಾರ್ಖಾನೆಯ ಹಿಂದೆ ಸಾಲಾಗಿ ಮೀನಿನ ಕೊಳಗಳು, ಅವುಗಳ ನಡುವೆ ಮಣ್ಣಿನ ಏರಿ, ಒಂದು ಆಳು ಓಡುವಷ್ಟೇ ಅಗಲ. ಶಾಲೆ ಬಿಟ್ಟ ಮೇಲೆ ಆ ಏರಿಯ ಮೇಲೆ ಓಡಿ ಓಡಿ ಅವನ ಕಾಲಿಗೆ ಕಣ್ಣು ಬಂದಿತ್ತು. ಕಾಲೇಜಿನವರು ಕುಳ್ಳ ಎಂದರು, ಆಮೇಲೆ ಕರೆದೊಯ್ದರು. ನಮ್ಮ ತಂಡದವರೂ ಕುಳ್ಳ ಎಂದು, ಹೊಸ ಆಟಗಾರರನ್ನು ಆರಿಸುವ ಮೂರನೆಯ ಸುತ್ತಿನವರೆಗೆ ಕಾದು, ಬೇರೆ ಯಾರೂ ಉಳಿದಿಲ್ಲವೆಂದು ತೆಗೆದುಕೊಂಡರು. ಮೊದಲ ಆಟದಲ್ಲೇ ಅವನು ಎಪ್ಪತ್ತು ಗಜ ಒಂದೇ ಉಸಿರಿಗೆ ಓಡಿದಾಗ, ತಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೆ ಎಂದು ಕೋಚ್ ಪತ್ರಿಕೆಯವರ ಮುಂದೆ ಎದೆ ಉಬ್ಬಿಸಿದ.

ಜನ ಅವನ ಕಾಲನ್ನು ಹೊಗಳುತ್ತಿದ್ದರು. ನನಗೆ ಆಶ್ಚರ್ಯವಾಗುತ್ತಿದ್ದದ್ದು ಅವನ ತಲೆ. ಐದು ವರ್ಷದ ಹಿಂದಿನ ಆಟವೊಂದನ್ನು ತೆಗೆದರೆ, ಆ ಓಟದಲ್ಲಿ ಯಾರು ಎಲ್ಲಿ ನಿಂತಿದ್ದರು, ನಾನು ಯಾರ ಎದೆಗೆ ಗುದ್ದಿದೆ, ಅವನ ಅಂಗಿಯ ನಂಬರು ಎಷ್ಟು, ಎಲ್ಲ ಹೇಳುತ್ತಿದ್ದ. ಅಮ್ಮನ ಕಾರ್ಖಾನೆಯ ನಲವತ್ತು ಹೆಂಗಸರ ಹೆಸರು ಅವನಿಗೆ ಬಾಯಿಪಾಠ. ಪ್ರತಿ ಕ್ರಿಸ್‌ಮಸ್‌ಗೆ ಎಲ್ಲರಿಗೂ ಹೆಸರು ಬರೆದೇ ಹ್ಯಾಮ್ ಕಳಿಸುತ್ತಿದ್ದ. ಅಂಥ ತಲೆಯವನಿಗೆ ದಡ್ಡನಾಗುವುದು ಹೇಗೆಂದು ಕಲಿಸಿದವನು ನಾನು.

ಪ್ರತಿ ಜುಲೈನಲ್ಲಿ, ಅಭ್ಯಾಸ ಶಿಬಿರದ ಮೊದಲ ದಿನ, ನಮ್ಮನ್ನು ಒಬ್ಬೊಬ್ಬರನ್ನಾಗಿ ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು. ಪರದೆಯ ಮೇಲೆ ಪದಗಳು ಬಂದು ಹೋಗುತ್ತವೆ, ಆಮೇಲೆ ಯಾವ ಪದ ಬಂದಿತ್ತು, ಯಾವುದು ಬಂದಿರಲಿಲ್ಲ ಎಂದು ಹೇಳಬೇಕು. ಕೆಂಪು ಕಂಡರೆ ಒಂದು ಕಡೆ ಒತ್ತಬೇಕು, ಹಸಿರು ಕಂಡರೆ ಇನ್ನೊಂದು ಕಡೆ. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ ಬರುತ್ತದೆ. ಮುಂದೆ ಆಟಗಳು ಶುರುವಾದ ಮೇಲೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಆಗಿನ ಅಂಕ ಜುಲೈನದಕ್ಕಿಂತ ಕೆಳಗಿಳಿದರೆ ಬೆಂಚಿನ ಮೇಲೆ ಕೂರಬೇಕು. ಬೆಂಚಿನ ಮೇಲೆ ಕೂತವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ಬಿಟ್ಟುಕೊಡುವುದಿಲ್ಲ.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇತ್ತು, ಜುಲೈನಲ್ಲೇ ಬೇಕೆಂದು ಕಡಿಮೆ ಅಂಕ ತೆಗೆಯುವುದು. ಮೊದಲ ವರ್ಷದವರನ್ನು ಪರೀಕ್ಷೆಯ ಹಿಂದಿನ ದಿನ ಹಳಬನೊಬ್ಬ ಪಕ್ಕಕ್ಕೆ ಕರೆದು, ಹತ್ತು ಪದ ನೆನಪಿದ್ದರೆ ಆರು ಹೇಳು, ಬಣ್ಣ ಬಂದ ಮೇಲೆ ಒಂದು ಉಸಿರು ಬಿಟ್ಟು ಒತ್ತು, ಅತಿ ಮಾಡಬೇಡ ಎಂದು ಕಿವಿಯಲ್ಲಿ ಊದುತ್ತಿದ್ದ. ಒಬ್ಬ ಪುಣ್ಯಾತ್ಮ ಅತಿ ಮಾಡಿ, ಒಂದು ಪೆಟ್ಟೂ ತಿನ್ನದೆ ಶಿಬಿರದ ಮೊದಲ ದಿನವೇ ಆಸ್ಪತ್ರೆ ಸೇರಿದ್ದ. ಆ ಕಥೆ ಹೇಳಿ ಪ್ರತಿ ವರ್ಷ ನಗುತ್ತಿದ್ದೆವು. ನನಗೆ ಹೇಳಿಕೊಟ್ಟವನು ಯಾರೋ, ನಾನು ಕ್ಲಿಯಾನ್‌ಗೆ ಹೇಳಿಕೊಟ್ಟೆ. ಒಬ್ಬರ ಮೇಲೊಬ್ಬರಿಗಿದ್ದ ಪ್ರೀತಿಯಿಂದಲೇ ಮಾಡುತ್ತಿದ್ದ ಕೆಲಸ ಅದು. ಕ್ಲಿಯಾನ್ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವವನು, ದಡ್ಡತನವನ್ನೂ ಹಾಗೇ ಮಾಡಿದ. ನಾನು ಹೇಳಹೊರಟ ವರ್ಷದ ಜುಲೈನಲ್ಲಿ ಅವನ ಅಂಕ ಅರವತ್ತೊಂದು.

ಆ ವರ್ಷ ಅವನು ಅತಿ ಹೆಚ್ಚು ಗಜ ಓಡಿದ ನಮ್ಮ ತಂಡದ ಮೂವತ್ತು ವರ್ಷ ಹಳೆಯ ದಾಖಲೆಯ ಹತ್ತಿರ ಬಂದಿದ್ದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಭಾನುವಾರ, ಎರಡನೆಯ ಅರ್ಧದಲ್ಲಿ, ಅವನು ಕೆಳಗೆ ಬಿದ್ದಿದ್ದಾಗ ಯಾರದೋ ಮೊಣಕಾಲು ಅವನ ಹೆಲ್ಮೆಟ್ಟಿನ ಬದಿಗೆ ಬಡಿಯಿತು. ಅದು ದೊಡ್ಡ ಹೊಡೆತವೇನಲ್ಲ, ಟೀವಿಯವರು ಎರಡನೆಯ ಸಲ ತೋರಿಸಲೂ ಇಲ್ಲ. ಅವನು ಎದ್ದ, ಮೈ ಕೊಡವಿದ, ನೆಟ್ಟಗೆ ನಡೆದು ಹೋಗಿ ಗುಂಪುಗೂಡಿ ಗುಟ್ಟು ಮಾತಾಡುತ್ತಿದ್ದ ಎದುರಾಳಿಗಳ ಸುತ್ತಿನೊಳಗೆ ನಿಂತುಕೊಂಡ. ಜನ ಗೊಳ್ಳೆಂದು ನಕ್ಕರು. ಎದುರಾಳಿಗಳೂ ನಗುತ್ತ ಅವನ ಬೆನ್ನು ತಟ್ಟಿದರು. ನಾನು ಹೋಗಿ ಅಂಗಿ ಹಿಡಿದು ಎಳೆದುಕೊಂಡು ಬಂದೆ. ಅವನೂ ನಗುತ್ತಿದ್ದ, ಆದರೆ ಏಕೆ ನಗುತ್ತಿದ್ದೇವೆಂದು ಅವನಿಗೆ ಗೊತ್ತಿರಲಿಲ್ಲ. ಮುಂದಿನ ಸರದಿಯಲ್ಲೇ ಹದಿನಾಲ್ಕು ಗಜ ಓಡಿದ. ಬೆಂಚಿಗೆ ಬಂದಾಗ ಎಷ್ಟು ಬೆರಳೆಂದು ಕೇಳಿದವರಿಗೆ ಸರಿಯಾಗಿ ಹೇಳಿದ. ದಾಖಲೆಗೆ ಇನ್ನು ಎಂಬತ್ತಮೂರು ಗಜ ಉಳಿಯಿತು.

ಬುಧವಾರದ ಅಭ್ಯಾಸದಲ್ಲಿ, ಎಲ್ಲರೂ ಸುತ್ತು ಕಟ್ಟಿ ನಿಂತು ಮುಂದಿನ ಓಟ ಯಾವ ಕಡೆಗೆಂದು ಕೇಳಿಸಿಕೊಂಡು ಚದುರುವಾಗ, ಅವನು ನನ್ನ ಹಿಂದೆ ಬಂದು ಮೆಲ್ಲಗೆ ಕೇಳಿದ.

“ಅಣ್ಣ, ಎಡಕ್ಕಾ ಬಲಕ್ಕಾ?”

ತಮಾಷೆ ಎಂದುಕೊಂಡು ಬಲಕ್ಕೆ ಎಂದೆ. ಅದಾದ ಮೇಲೆ ಪ್ರತಿ ಸಲವೂ ಕೇಳಿದ. ಒಂಬತ್ತು ವರ್ಷದಲ್ಲಿ ಅವನು ನನ್ನನ್ನು ದಾರಿ ಕೇಳಿದ್ದು ಅದೇ ಮೊದಲು. ಆವತ್ತು ಹೇಳಿಕೊಟ್ಟೆ, ಯಾರಿಗೂ ಗೊತ್ತಾಗದಂತೆ ಕೈಯನ್ನು ಬೆನ್ನ ಹಿಂದೆ ಇಟ್ಟು ಬೆರಳಲ್ಲಿ ತೋರಿಸಿದೆ. 

ಗುರುವಾರ ಹಬ್ಬ. ಮದುವೆ ಮಕ್ಕಳು ಎಂದು ಏನೂ ಇಲ್ಲದವನು ನಾನು, ಹಬ್ಬದೂಟಕ್ಕೆ ಯಾವಾಗಲೂ ಅವರ ಮನೆಗೇ ಹೋಗುತ್ತಿದ್ದೆ. ಕ್ಲಿಯಾನ್, ಅವನ ಹೆಂಡತಿ ವರ್ಲೀನ್, ಆರು ವರ್ಷದ ಮಗಳು ಜೂನಿ, ನಾನು. ಮೇಜಿನ ಮೇಲೆ ಟರ್ಕಿ ಕೋಳಿ, ಅದರೊಳಗೆ ತುಂಬುವ ಮೆಕ್ಕೆಜೋಳದ ಬ್ರೆಡ್ಡಿನ ಹೂರಣ, ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು, ಗೆಣಸಿನ ಪೈ. ಹೊರಗೆ ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು, ಕ್ಲಿಯಾನ್ ಪರದೆಗಳನ್ನೆಲ್ಲ ಎಳೆಸಿದ್ದ. ನಾವು ಕೈ ಕೈ ಹಿಡಿದುಕೊಂಡೆವು. ಅವನು ಪ್ರಾರ್ಥನೆ ಹೇಳಿದ. ಅನ್ನಕ್ಕೆ, ಮನೆಗೆ, ಕಾಲಿಗೆ ಕೃತಜ್ಞತೆ. ಎರಡು ವರ್ಷದ ಹಿಂದೆ ತೀರಿಕೊಂಡ ಅಮ್ಮನ ಆತ್ಮಕ್ಕೆ ಶಾಂತಿ. ಆಮೆನ್ ಎಂದೆವು. ನಾನು ಸೊಪ್ಪಿನ ಬಟ್ಟಲಿಗೆ ಕೈ ಚಾಚಿದೆ.

ಅವನು ಮತ್ತೆ ಕಣ್ಣು ಮುಚ್ಚಿ, ನಮ್ಮ ಕೈಗಳಿಗಾಗಿ ತಡಕಾಡಿ ಹಿಡಿದುಕೊಂಡು, ಪ್ರಾರ್ಥನೆ ಶುರು ಮಾಡಿದ. ಅನ್ನಕ್ಕೆ, ಮನೆಗೆ, ಕಾಲಿಗೆ. ಜೂನಿ ಕಿಸಕ್ಕೆಂದಳು, ಅಪ್ಪ ಆಟ ಆಡಿಸುತ್ತಿದ್ದಾನೆಂದು. ಅವನ ಅಂಗೈ ಒದ್ದೆಯಾಗಿತ್ತು. ದೇವರೇ, ಅಮ್ಮನ ಮೊಣಕಾಲಿನ ನೋವು ಈ ಚಳಿಗಾಲದಲ್ಲಾದರೂ ಕಡಿಮೆ ಮಾಡು, ನಿಂತು ನಿಂತು ಸೋತಿದ್ದಾಳೆ ಎಂದು ಹೇಳಿ ಆಮೆನ್ ಅಂದ. ವರ್ಲೀನ್ ಆಮೆನ್ ಅನ್ನಲಿಲ್ಲ. ನಾನು ಅಂದೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಊಟದ ಮಾತು ಹೇಗೆ ಸಾಗಿತೋ ನನಗೆ ಸರಿಯಾಗಿ ನೆನಪಿಲ್ಲ, ಇದೆಲ್ಲವನ್ನೂ ಬರೆಯುವ ಮೊದಲು ವರ್ಲೀನಳನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ತಟ್ಟೆ ತೊಳೆಯಲು ಅಡಿಗೆಮನೆಗೆ ಹೋದಾಗ ಅವಳು ನಲ್ಲಿಯನ್ನು ಜೋರಾಗಿ ಬಿಟ್ಟಳು, ಹೊರಗೆ ಕೇಳಿಸಬಾರದೆಂದು. ಮೂರು ದಿನದಿಂದ ಅವನು ಶೂ ಹಾಕಿಕೊಂಡೇ ಮಲಗುತ್ತಿದ್ದಾನೆ, ನಿನ್ನೆ ಜೂನಿಯನ್ನು ಶಾಲೆಯಿಂದ ತರಲು ಹೋದವನು ಅವಳಿಲ್ಲದೆ ಬಂದ ಎಂದಳು. ತಾನು ಡಾಕ್ಟರಿಗೆ ಫೋನು ಮಾಡುವವಳು ಎಂದೂ ಹೇಳಿದಳು.

“ನೀನು ದಿನಾ ಅವ್ನ ಜೊತೇಲಿರ್ತೀಯಲ್ಲಣ್ಣ. ಮೈದಾನದಲ್ಲಿ ಸರಿಯಾಗಿದಾನಾ? ನನ್ ಮುಖ ನೋಡ್ಕೊಂಡು ಹೇಳು.”

ನಾನು ತಟ್ಟೆ ನೋಡಿಕೊಂಡು, ಸರಿಯಾಗಿಯೇ ಇದ್ದಾನೆ, ಸುಸ್ತಾಗಿದ್ದಾನೆ ಅಷ್ಟೆ ಎಂದೆ. ಡಾಕ್ಟರಿಗೆ ಹೇಳು, ಪರೀಕ್ಷೆ ಮಾಡುತ್ತಾರೆ, ಗೊತ್ತಾಗುತ್ತದೆ ಎಂದೂ ಸೇರಿಸಿದೆ. ಆ ಮಾತು ಆಡುವಾಗ ನನ್ನ ಮನಸ್ಸಿನಲ್ಲಿ ಏನಿತ್ತೆಂದರೆ, ಪರೀಕ್ಷೆಯೇ ಅವನನ್ನು ಹಿಡಿದುಹಾಕಲಿ, ನಾನು ಬಾಯಿ ಬಿಡುವುದು ಬೇಡ. ಹೇಡಿಗಳ ಲೆಕ್ಕಾಚಾರ ಹೀಗೇ ಇರುತ್ತದೆ.

ಡಾಕ್ಟರ್ ಹಾಲ್ವರ್ಸನ್ ನಮ್ಮ ತಂಡಕ್ಕೆ ಬಂದು ಎರಡೇ ವರ್ಷವಾಗಿತ್ತು. ಕುಳ್ಳಗಿನ, ನೆರೆಗೂದಲಿನ ಹೆಂಗಸು, ಯಾರಿಗೂ ಜಗ್ಗುವವಳಲ್ಲ. ವರ್ಲೀನಳ ಫೋನು ಬಂದ ಕೂಡಲೇ ಶನಿವಾರ ಬೆಳಿಗ್ಗೆ ಪರೀಕ್ಷೆ ಇಟ್ಟಳು. ಅಂಕ ಒಂದು ಕೂದಲಿನಷ್ಟು ಕಡಿಮೆ ಬಂದರೂ ಭಾನುವಾರ ಆಡಿಸುವುದಿಲ್ಲ ಎಂದು ಕೋಚ್‌ನ ಮುಖಕ್ಕೇ ಹೇಳಿದಳಂತೆ. ಅದನ್ನು ಕೇಳಿ ಆ ವಾರದಲ್ಲಿ ಮೊದಲ ಬಾರಿ ನನಗೆ ನಿದ್ದೆ ಬಂತು.

ಶನಿವಾರ ನಾನು ಆ ಕೋಣೆಯ ಹೊರಗೆ ಕಾಲಿಗೆ ಪಟ್ಟಿ ಸುತ್ತಿಕೊಳ್ಳುವ ನೆಪದಲ್ಲಿ ಕೂತಿದ್ದೆ. ಅರ್ಧ ತಾಸಾದ ಮೇಲೆ ಬಾಗಿಲು ತೆರೆಯಿತು. ಕ್ಲಿಯಾನ್ ಬಾಯಿ ತುಂಬ ನಗುತ್ತ ಹೊರಗೆ ಬಂದ.

“ಅರವತ್ತೊಂದು,” ಅಂದ. “ಜುಲೈನಲ್ಲೂ ಅರವತ್ತೊಂದು. ಡಾಕ್ಟರಮ್ಮ ಎರಡೆರಡು ಸಲ ನೋಡಿದ್ಳು. ನಾಳೆ ಆಡ್ತಿದೀನಿ ಅಣ್ಣ.”

ನನಗೆ ಎದೆ ಹಗುರಾಯಿತು. ನಿಜ ಹೇಳುತ್ತೇನೆ, ಹಗುರಾಯಿತು. ಮಾಮೂಲಿನಂತೆ ಬೇಕೆಂದೇ ಮರೆತಿದ್ದಾನೆ, ಅಂದರೆ ಒಳಗೆ ಎಲ್ಲ ನೆಟ್ಟಗಿದೆ. ಅವನನ್ನು ಮೂಲೆಗೆ ಎಳೆದು, ಕಳ್ಳ ನನ್ ಮಗನೇ, ಎಷ್ಟು ಪದ ಕೈಬಿಟ್ಟೆ ಎಂದು ಕೇಳಿದೆ. ಅವನು ಕೆನ್ನೆ ಕೆರೆದುಕೊಂಡ.

“ಯಾವ್ದೂ ಬಿಡ್ಲಿಲ್ಲ. ವರ್ಲೀನ್ ಆಣೆ ಹಾಕಿಸ್ಕೊಂಡಿದ್ಳು. ಈ ಸಲ ನಿಜವಾಗ್ಲೂ ಕಷ್ಟಪಟ್ಟು ಮಾಡ್ದೆ. ತಲೇಲಿ ಇದ್ದದ್ದೆಲ್ಲ ಹಾಕ್ದೆ.”

ಅವನು ಇನ್ನೂ ನಗುತ್ತಿದ್ದ. ನನಗೆ ಕಿವಿಯಲ್ಲಿ ಗುಂಯ್ ಎಂದಿತು. ಜುಲೈನ ಅರವತ್ತೊಂದು ನಾಟಕದ್ದು, ಇವತ್ತಿನ ಅರವತ್ತೊಂದು ಅವನಲ್ಲಿ ಉಳಿದದ್ದು. ಎರಡೂ ಸರಿಸಮ ಬಂದದ್ದರಿಂದ ಅವನನ್ನು ನಾಳೆ ಮೈದಾನಕ್ಕೆ ಬಿಡುತ್ತಿದ್ದರು. ಮೊದಲೇ ನಾನು ಅವನಿಗೆ ಆ ವಿದ್ಯೆ ಕಲಿಸದಿದ್ದರೆ ಜುಲೈನಲ್ಲಿ ತೊಂಬತ್ತೈದು ತೆಗೆದಿರುತ್ತಿದ್ದ, ಇವತ್ತು ಯಾರೂ ಅವನನ್ನು ಆಡಲು ಬಿಡುತ್ತಿರಲಿಲ್ಲ.

ಅವನಿಗೆ ಅದು ಹೊಳೆಯಿತೋ ಇಲ್ಲವೋ, ನನ್ನ ಮುಖ ನೋಡಿ ಅವನ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ನನ್ನ ತೋಳು ಹಿಡಿದುಕೊಂಡ.

“ಯಾರ್ಗೂ ಹೇಳ್ಬೇಡ ಕಣಣ್ಣ. ಒಂದೇ ಆಟ. ಆಮೇಲೆ ನೀ ಹೇಳಿದ್ ಹಾಗೆ ಕೇಳ್ತೀನಿ.”

ನಾನು ತಲೆಯಾಡಿಸಿದೆ. ಸಂಗಡಿಗನ ತಲೆಯ ವಿಷಯ ಹೊರಗೆ ಹೇಳಿದವನ ಜೊತೆ ನಮ್ಮಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಅದು ಒಂದು ಭಯ. ಇನ್ನೊಂದು ಭಯ ಹಳೆಯದು. ನಾನು ಕಾಲೇಜಿನಲ್ಲಿ ಆಡುವಾಗ ಪಕ್ಕದ ಊರಿನ ತಂಡದ ಒಬ್ಬನಿಗೆ ಒಂದು ವಾರದಲ್ಲಿ ಎರಡು ಪೆಟ್ಟು ಬಿದ್ದಿತ್ತು. ಎರಡನೆಯದು ಏನೇನೂ ಅಲ್ಲದ್ದು. ತಾನೇ ನಡೆದುಕೊಂಡು ಬೆಂಚಿಗೆ ಬಂದು, ನೀರು ಕೊಡಿ ಎಂದು ಕೇಳಿ ಕೂತ. ನೀರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಇಪ್ಪತ್ತು ವಯಸ್ಸು. ಮೊದಲ ಪೆಟ್ಟು ಆರುವ ಮೊದಲು ಇನ್ನೊಂದು ಬಿದ್ದರೆ ಮಿದುಳು ಊದಿಕೊಳ್ಳುತ್ತದೆ ಎಂದು ಆಮೇಲೆ ಹೇಳಿದರು. ಭಾನುವಾರ ಕ್ಲಿಯಾನ್‌ಗೆ ಎಂಬತ್ತಮೂರು ಗಜ ಕೊಡಿಸಬೇಕೆಂದರೆ ಇಪ್ಪತ್ತು ಸಲವಾದರೂ ಅವನ ಕೈಗೆ ಬಾಲು ಕೊಡುತ್ತಾರೆ. ಇಪ್ಪತ್ತು ಸಲ ಅವನು ಬೀಳಬೇಕು. ನಾನು ಎಷ್ಟೇ ಗುದ್ದಿದರೂ ಹನ್ನೊಂದು ಜನರನ್ನೂ ತಡೆಯಲಾರೆ.

ಭಾನುವಾರ ಒಂದು ಗಂಟೆಗೆ ಆಟ. ಹನ್ನೊಂದಕ್ಕೆ ನಾವೆಲ್ಲ ಲಾಕರ್ ರೂಮಿನಲ್ಲಿದ್ದೆವು. ತಲೆಯ ಮೇಲೆ, ಕಾಂಕ್ರೀಟಿನ ಆಚೆ, ಜನ ಆಗಲೇ ಕಾಲು ಕುಟ್ಟುತ್ತ ಅವನ ಹೆಸರು ಕೂಗುತ್ತಿದ್ದರು. ನಾನು ಪಾಯಿಖಾನೆಗೆ ಹೋಗಿ ವಾಂತಿ ಮಾಡಿ ಬಂದೆ, ಎಲ್ಲರೂ ಚಪ್ಪಾಳೆ ಹೊಡೆದರು. ಆಗಲೂ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ, ನನ್ನ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ಕ್ಲಿಯಾನ್ ಶೂ ಲೇಸು ಕಟ್ಟುತ್ತಿದ್ದ, ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ನಾನು ಪಕ್ಕದಲ್ಲಿ ಕೂತಾಗ ಸುತ್ತ ಒಮ್ಮೆ ಕಳ್ಳನೋಟ ನೋಡಿ ನನ್ನ ಕಿವಿಯ ಹತ್ತಿರ ಬಾಗಿದ.

“ಅಣ್ಣ, ಇವತ್ತು ಯಾರ್ ಜೊತೆ ಆಟ?”

ನಾನು ಎದ್ದೆ. ಕಾಲು ತಾನಾಗಿಯೇ ಡಾಕ್ಟರಳ ಕೋಣೆಯ ಕಡೆ ನಡೆಯಿತು.  ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಉಸಿರು ಬಿಡದೆ ಒದರಿಬಿಟ್ಟೆ.

“ಡಾಕ್ಟರ್, ಅವ್ನ ಜುಲೈ ಪರೀಕ್ಷೆ ಸುಳ್ಳು. ಬೇಕಂತ ಕಮ್ಮಿ ತೆಗ್ದಿದ್ದ. ನಾನೇ ಹೇಳ್ಕೊಟ್ಟಿದ್ದೆ. ನಿನ್ನೇದು ಮಾತ್ರ ನಿಜ.”

ಅವಳು ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಇನ್ನೂ ಯಾರು ಯಾರು ಹೀಗೆ ಮಾಡುತ್ತಾರೆ ಎಂದು ಕೇಳಿದಳು. ಎಲ್ಲರೂ ಎಂದೆ. ಅವಳ ಮುಖ ಬಿಳಿಚಿಕೊಂಡದ್ದು ನನಗೆ ಕಾಣಿಸಿತು. ಎರಡು ವರ್ಷದಿಂದ ಆ ಅಂಕಗಳನ್ನು ನೋಡಿ ನಮ್ಮನ್ನು ಮೈದಾನಕ್ಕೆ ಕಳಿಸಿದವಳು ಅವಳೇ. ಇಬ್ಬರಿಗೂ ಹೆದರಿಕೆಯಾಗಿತ್ತು.

ಕ್ಲಿಯಾನ್‌ನನ್ನು ಕರೆಸಿದಳು. ಅವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದು ನಗೆಚಾಟಿಕೆ ಮಾಡಿದ, ಅವಳ ಕೂದಲು ಚೆನ್ನಾಗಿದೆ ಅಂದ. ಅವಳು ಕಣ್ಣಿಗೆ ದೀಪ ಬಿಟ್ಟಳು, ಮುಖ ಕಿವುಚಿದ. ನಿಮ್ಮಮ್ಮ ಇವತ್ತು ಆಟ ನೋಡಲು ಬಂದಿದ್ದಾರಾ ಎಂದು ಕೇಳಿದಳು. ಇಲ್ಲ, ಮೊಣಕಾಲು ನೋವು, ಮಿಸಿಸಿಪ್ಪಿಯಲ್ಲೇ ಟೀವಿ ಮುಂದೆ ಕೂತಿರುತ್ತಾಳೆ ಅಂದ. ಡಾಕ್ಟರ್ ನನ್ನ ಕಡೆ ತಿರುಗಿದಳು. ಅಮ್ಮ ಬದುಕಿಲ್ಲವೆಂದು ನಾನು ತಲೆ ಅಲ್ಲಾಡಿಸಿದೆ. ಅವಳು ಫೋನು ಎತ್ತಿಕೊಂಡು ಆಂಬ್ಯುಲೆನ್ಸ್ ಅನ್ನು ಹಿಂದಿನ ಬಾಗಿಲಿಗೆ ತರಲು ಹೇಳಿದಳು.

ಕೋಚ್ ಬಂದು ಗೋಡೆಗೆ ಗುದ್ದಿದ. ಅರವತ್ತು ಸಾವಿರ ಜನ ಮೇಲೆ ಕೂತಿದ್ದಾರೆ, ಪರೀಕ್ಷೆಯಲ್ಲಿ ಪಾಸಾದವನನ್ನು ಈಗ ಏಕೆ ತಡೆಯುತ್ತೀ ಎಂದು ಹಾರಾಡಿದ. ನಾನು ಅವನಿಗೂ ಎರಡನೆಯ ಸಲ ಎಲ್ಲ ಹೇಳಬೇಕಾಯಿತು. ಹನ್ನೊಂದು ವರ್ಷ ನನ್ನನ್ನು ಕಟ್ಟುಮಸ್ತು ಕತ್ತೆ ಎಂದು ಪ್ರೀತಿಯಿಂದ ಕರೆದವನು, ಆವತ್ತು ನನ್ನನ್ನು ಕರೆದದ್ದನ್ನು ಇಲ್ಲಿ ಬರೆಯುವಂತಿಲ್ಲ. ನನಗೆ ಅವನ ಮಾತು ತಾಗಲಿಲ್ಲ. ಮಂಚದ ಮೇಲೆ ಕೂತಿದ್ದ ಕ್ಲಿಯಾನ್ ನನ್ನನ್ನೇ ನೋಡುತ್ತಿದ್ದ. ಅಷ್ಟು ಹೊತ್ತಿಗೆ ಅವನಿಗೆ ವಿಷಯ ಅರ್ಥವಾಗಿತ್ತು. ಅಥವಾ ಅರ್ಥವಾಗಬೇಕಾದ ಒಂದೇ ಒಂದು ತುಂಡು ಮಾತ್ರ ಅರ್ಥವಾಗಿತ್ತು.

“ಎಂಬತ್ಮೂರು ಗಜ,” ಅಂದ. “ಎಂಬತ್ಮೂರೇ ಗಜ ಇತ್ತಲ್ಲಣ್ಣ.”

ಅವನು ಅಳುತ್ತಿದ್ದ. ನಾನೂ ಅತ್ತೆ. ಗಾಲಿಮಂಚದ ಮೇಲೆ ಮಲಗಿಸಿ ಕರೆದೊಯ್ಯುವಾಗ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಆವತ್ತು ಸಂಜೆ ಅವನ ತಲೆಬುರುಡೆಯೊಳಗೆ ಕಟ್ಟಿದ್ದ ರಕ್ತವನ್ನು ತೆಗೆದರು. ಇನ್ನೊಂದು ಪೆಟ್ಟು ಬಿದ್ದಿದ್ದರೆ ನಾವು ಅವನನ್ನು ಮೈದಾನದಿಂದ ಜೀವಂತ ಎತ್ತುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ವರ್ಲೀನಳಿಗೆ ಹೇಳಿದರು. ಅವನು ಬದುಕಿದ್ದಾನೆ. ಮತ್ತೆ ಆಡಲಿಲ್ಲ. ಆ ಹಳೆಯ ದಾಖಲೆ ಇನ್ನೂ ಹಾಗೇ ಇದೆ. ಕೆಲವು ದಿನ ನನ್ನನ್ನು ಅಣ್ಣ ಎನ್ನುತ್ತಾನೆ, ಕೆಲವು ದಿನ ದ್ರೋಹಿ ಎನ್ನುತ್ತಾನೆ, ಎರಡಕ್ಕೂ ನಾನು ಓಗೊಡುತ್ತೇನೆ.

ಇದು ಆಮೇಲಿನ ಮಾತು. ಆ ಮಧ್ಯಾಹ್ನ, ಆಂಬ್ಯುಲೆನ್ಸ್ ಹೋದ ಮೇಲೆ, ಆಟಕ್ಕೆ ಇನ್ನು ನಲವತ್ತು ನಿಮಿಷ ಇತ್ತು. ನಾನು ಹೆಲ್ಮೆಟ್ ಎತ್ತಿಕೊಂಡು ಬಾಗಿಲ ಕಡೆ ಹೊರಟೆ. ಮೇಲೆ ಜನ ಇನ್ನೂ ಅವನ ಹೆಸರನ್ನೇ ಕೂಗುತ್ತಿದ್ದರು, ಅವರಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರ್ ನನ್ನನ್ನು ನಿಲ್ಲಿಸಿ, ನೀವು ಎಷ್ಟು ವರ್ಷದಿಂದ ಆ ಪರೀಕ್ಷೆಯಲ್ಲಿ ಮೋಸ ಮಾಡುತ್ತಿದ್ದೀರಿ ಎಂದು ಕೇಳಿದಳು. ಶುರುವಾದಾಗಿನಿಂದ ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತು ಕುರ್ಚಿ ತೋರಿಸಿದಳು. ನನಗೇನೂ ಆಗಿಲ್ಲ, ನಾನು ಬಾಲು ಹಿಡಿಯುವವನಲ್ಲ, ಮುಂದೆ ಹೋಗಿ ಗುದ್ದುವವನು ಎಂದು ನಕ್ಕೆ. ಅವಳು ನಗಲಿಲ್ಲ.

ಕಂಪ್ಯೂಟರ್ ಹಚ್ಚುವಷ್ಟು ಹೊತ್ತಿಲ್ಲ, ಬಾಯಲ್ಲೇ ಐದು ಪದ ಹೇಳುತ್ತೇನೆ, ಸ್ವಲ್ಪ ಬೇರೆ ಮಾತಾಡಿ ಆಮೇಲೆ ಕೇಳುತ್ತೇನೆ ಎಂದಳು. ಏಣಿ, ಮೆಣಸು, ದೋಣಿ, ಕೈಗವಸು, ಗಂಟೆ. ಆಮೇಲೆ ನನ್ನ ಊರು ಕೇಳಿದಳು, ಲೂಸಿಯಾನ ಎಂದೆ. ಅಪ್ಪನ ಕೆಲಸ ಕೇಳಿದಳು, ಸೀಗಡಿ ಹಿಡಿಯುವುದು ಎಂದೆ. ಒಂದೆರಡು ನಿಮಿಷ ಹೋಗಿರಬೇಕು. ಈಗ ಆ ಪದ ಹೇಳಿ ಅಂದಳು. ಕ್ಲಿಯಾನ್‌ಗೆ ಮಾಡಿದ್ದಕ್ಕೆ ಇದಾದರೂ ಪ್ರಾಮಾಣಿಕವಾಗಿ ಮಾಡೋಣ ಎಂದು ನಾನು ನೆಟ್ಟಗೆ ಕೂತೆ.

“ಏಣಿ,” ಎಂದೆ. “ದೋಣಿ.”

ಮುಂದಿನದಕ್ಕೆ ಬಾಯಿ ತೆರೆದೆ. ಅಲ್ಲಿ ಏನೂ ಇರಲಿಲ್ಲ. ಮತ್ತೆ ಏಣಿಯಿಂದ ಶುರು ಮಾಡಿದೆ, ದೋಣಿಯ ಹತ್ತಿರ ನಿಂತೆ. ಡಾಕ್ಟರ್ ನನ್ನ ಕಣ್ಣನ್ನೇ ನೋಡುತ್ತಿದ್ದಳು, ನನ್ನಂಥವರ ಮೇಲೆ ಈಗ ಅವಳಿಗೆ ಯಾವ ನಂಬಿಕೆಯೂ ಉಳಿದಿರಲಿಲ್ಲ.

“ಏಮಸ್, ಅಭ್ಯಾಸ ಆಗಿದೆ ಅಂತ ಈಗ್ಲೂ ಬೇಕಂತ ಮರೀತಿದೀರಾ?”

ಹೌದು ಎಂದುಬಿಡಬೇಕು ಅನ್ನಿಸಿತು. ಅಷ್ಟು ಆಸೆಯಿಂದ ನಾನು ಯಾವ ಸುಳ್ಳನ್ನೂ ಹೇಳಬಯಸಿರಲಿಲ್ಲ. ಕೈಯಲ್ಲಿದ್ದ ಹೆಲ್ಮೆಟ್ಟನ್ನು ನೆಲಕ್ಕಿಟ್ಟೆ.

“ಇಲ್ಲ ಡಾಕ್ಟರ್,” ಎಂದೆ. “ಆ ಪದಗಳನ್ನ ಇನ್ನೊಂದ್ಸಲ ಹೇಳಿ.”